ಹಿತ್ತಾಳೆ ಹಿಡಿ

ನಾನು ನಟನಲ್ಲ. ಮೂವತ್ತಮೂರು ವರ್ಷ
ಈ ಕಾಲೇಜಿನ ರಂಗಮಂದಿರ ಗುಡಿಸಿದವನು,
ಬೀಗದ ಕೈ ಗೊಂಚಲು ಸೊಂಟಕ್ಕೆ ಕಟ್ಟಿಕೊಂಡು.
ಹಾಗಾಗಿ ನಾನು ಹೇಳುವುದರಲ್ಲಿ
ಕೇಳಿದ್ದು ಅರ್ಧ, ಕಸದ ಬುಟ್ಟಿಯಲ್ಲಿ ಸಿಕ್ಕಿದ್ದು ಅರ್ಧ.

ಐವತ್ತೆಂಟನೇ ಇಸವಿ, ಏಪ್ರಿಲ್.
ಸುಪೀರಿಯರ್ ಸರೋವರದ ಮೇಲೆ ಗಡ್ಡೆಗಟ್ಟಿದ ನೀರು
ಇನ್ನೂ ಬಿರುಕು ಬಿಡುತ್ತಿದ್ದ ರಾತ್ರಿ.
ನಾಟಕ ಗಂಭೀರವಾದದ್ದು. ಕೊಲೆ, ಪಶ್ಚಾತ್ತಾಪ, ಇತ್ಯಾದಿ.
ಆಸ್ಟ್ರಿಡ್ ಟ್ವೇಟ್ ಬಾಗಿಲು ತೆರೆಯಬೇಕು,
ಇನ್ಸ್‌ಪೆಕ್ಟರ್ ಒಳಗೆ ಬರಬೇಕು.
ಕೈಕೊಟ್ಟಿತು ಅನ್ನುತ್ತೇವಲ್ಲ,
ಬಾಗಿಲು ಅವತ್ತು ನಿಜಕ್ಕೂ ಕೊಟ್ಟಿತು:
ಹಿತ್ತಾಳೆ ಹಿಡಿ ಕಿತ್ತು ಅವಳ ಅಂಗೈಗೆ ಬಂತು.

ಹೊರಗೆ ಆರ್ವಿಡ್ ಸಾಲ್ಮೆಲಾ ತಟ್ಟಿದ, ಮತ್ತೆ ತಟ್ಟಿದ.
ಅವಳು ಹಿಡಿಯನ್ನು ನೋಡಿದಳು, ಜನರನ್ನು ನೋಡಲಿಲ್ಲ.
"ಕಿಟಕಿಯಿಂದ ಬನ್ನಿ ಸ್ವಾಮಿ," ಅಂದಳು,
"ಈ ಮನೆಯಲ್ಲಿ ಬಾಗಿಲು ಬಳಸುವವರು ಕಳ್ಳರು ಮಾತ್ರ."
ಆರಡಿ ಮೂರಂಗುಲದ ಗಣಿ ಕೆಲಸದವನ ಮಗ
ಕಿಟಕಿಯಿಂದಲೇ ಬಂದ,
ಚೌಕಟ್ಟನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು.

ನಿರ್ದೇಶಕಿ ಮಿಸ್ ಲೂಮಿಸ್ ನಗುವ ಹೆಂಗಸಲ್ಲ.
ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ.
ಒಂದೇ ದಿನ ಎನ್ನುವವರೂ ಇದ್ದಾರೆ.
ವರ್ಷದ ಕೊನೆಯ ಊಟದಲ್ಲಿ, ಆಲೂಗಡ್ಡೆ ಮುಗಿದ ಮೇಲೆ,
ತಂಬಾಕಿನ ಡಬ್ಬಿಯೊಂದನ್ನು ಮೇಜಿನುದ್ದ ತಳ್ಳಿದರು.
ಒಳಗೆ ಆ ಹಿಡಿ, ಒಂದು ಚೀಟಿ:
‘ನಿಲ್ಲಿಸದವಳಿಗೆ.’

ಅಷ್ಟೇ. ಅದು ಮೊದಲು.
ಆಮೇಲೆ ಪ್ರತಿ ಮೇ ತಿಂಗಳೂ ಡಬ್ಬಿ ಕೈ ಬದಲಿಸಿತು:
ಹೆಣವಾಗಿ ಮಲಗಿ ಸೀನಿದವನಿಗೆ,
ಮೂರನೇ ಅಂಕದ ಮಾತನ್ನು ಮೊದಲನೇ ಅಂಕದಲ್ಲೇ ಆಡಿ
ಊರನ್ನೆಲ್ಲ ಬೇಗ ಮಲಗಿಸಿದವಳಿಗೆ.
ಚೆನ್ನಾಗಿ ನಟಿಸಿದವರಿಗೆ ಏನೂ ಇಲ್ಲ.
ಅವರಿಗೆ ಚಪ್ಪಾಳೆ ಸಿಕ್ಕಿತ್ತಲ್ಲ.

ಎಪ್ಪತ್ತರಲ್ಲಿ ಲೀಲಂಡ್ ಪ್ರೂಯಿಟ್, ದೀಪದ ಹುಡುಗ.
ಡಬ್ಬಿ ಕೈಸೇರಿದ ಒಂಬತ್ತನೇ ದಿನ
ಸೈನ್ಯದ ಕಾಗದ ಬಂತು. ಹಿಡಿಯೂ ಅವನ ಜೊತೆ ಹೋಯಿತು.
ಮರುವರ್ಷ ಊಟ ಮುಗಿಯಿತು, ಕೊಡಲು ಏನೂ ಇಲ್ಲ.
ಯಾರೋ ಒಬ್ಬಳು, ಹೆಸರು ಬರೆದಿಟ್ಟಿಲ್ಲ,
ಎದ್ದು, ಬೆರಳು ದುಂಡಗೆ ಮಾಡಿ,
ಇಲ್ಲದ ಹಿಡಿಯನ್ನು ಇನ್ನೊಬ್ಬನ ಕೈಗಿಟ್ಟಳು.
ಅವನ ಕೈ ಭಾರಕ್ಕೆ ತುಸು ಜಗ್ಗಿತು.

ನಾನು ಸೇರಿದ್ದು ಎಪ್ಪತ್ತಾರರಲ್ಲಿ. ಕಣ್ಣಾರೆ ಕಂಡಿದ್ದೇನೆ:
ಒಬ್ಬನ ಕೈಯಿಂದ ಅದು ಜಾರಿತು,
ನಲವತ್ತು ಜನ ಮೇಜಿನಡಿ ಬಗ್ಗಿ ಹುಡುಕಿದರು.
ಪೊರಕೆ ಹಿಡಿದು ನಾನೂ ಬಗ್ಗಿದೆ. ಏಕೆಂದು ಕೇಳಬೇಡಿ.

ಎಂಬತ್ತೊಂದರ ಆಗಸ್ಟ್, ಕಾಲೇಜು ಖಾಲಿ.
ಗಡ್ಡದವನೊಬ್ಬ ಲಾರಿ ನಿಲ್ಲಿಸಿ
ಒಂದು ಕಾಲು ಎಳೆಯುತ್ತ ಒಳಬಂದ.
ಬುತ್ತಿ ಪೆಟ್ಟಿಗೆಯಿಂದ ಹಿಡಿಯನ್ನು ತೆಗೆದು
"ಮನೆ ಬಾಗಿಲಿಗೆ ಹಾಕಿಕೊಂಡಿದ್ದೆ. ಎಂಟು ವರ್ಷ.
ಒಂದು ಸಲವೂ ಕಿತ್ತು ಬರಲಿಲ್ಲ," ಅಂದ, ದೂರು ಹೇಳುವವನಂತೆ.
ಕಾಫಿ ಬೇಡವೆಂದ.
ಮೇಲಿನ ದೀಪಗಳನ್ನೊಮ್ಮೆ ಎಣಿಸಿ ಹೋದ.

ಸೆಪ್ಟೆಂಬರಿನಲ್ಲಿ ಮಕ್ಕಳು ಎರಡು ರಾತ್ರಿ ಜಗಳವಾಡಿದರು:
ಇದ್ದದ್ದು ವಾಪಸು ಬಂದಿದೆ,
ಇಲ್ಲದ್ದನ್ನು ಈಗ ಏನು ಮಾಡುವುದು?
ಇಲ್ಲದ್ದೇ ಗೆದ್ದಿತು, ಎರಡು ಮತಗಳಿಂದ.
ಹಿತ್ತಾಳೆಯದನ್ನು ನನಗೆ ಕೊಟ್ಟು
ಸಾಮಾನಿನ ಕೋಣೆಯ ಬಾಗಿಲಿಗೆ ಹಾಕು ಅಂದರು.
ಹಾಕಿದೆ.
ಒಂದು ತಿರುಪು ಮಾತ್ರ ಬಿಗಿಮಾಡದೆ ಬಿಟ್ಟೆ.

ನಾನು ನಿವೃತ್ತನಾದ ವರ್ಷ ಊಟಕ್ಕೆ ಕರೆದರು.
ಮೂರು ಭಾಷಣ. ಆಲೂಗಡ್ಡೆ ಅದೇ.
"ಟೌನೋ, ಕೈ ಕೊಡಿ," ಅಂದಳು ಒಬ್ಬ ಹುಡುಗಿ,
ನನ್ನ ಬಲ ಅಂಗೈಯಲ್ಲಿ ಏನನ್ನೋ ಇಟ್ಟು
ಬೆರಳುಗಳನ್ನು ಒಂದೊಂದಾಗಿ ಮಡಚಿದಳು.
ನಟನಲ್ಲ ಅಂದೆನಲ್ಲ. ಏನು ಹೇಳಲಿ.
ತಣ್ಣಗಿತ್ತು.

ಹೊರಗೆ ಮೇ ತಿಂಗಳಲ್ಲೂ ಹಿಮ.
ಕಾರಿನ ಕೀಲಿ ಬಲಜೇಬಿನಲ್ಲಿ.
ಎಡಗೈಯನ್ನು ಸೊಂಟ ಸುತ್ತಿಸಿ ಅದನ್ನು ತೆಗೆಯಲು
ಹತ್ತು ನಿಮಿಷ ಒದ್ದಾಡಿದೆ.